ಒಂದೇ ಡಿ64 ಇಮೇಜ್‌ಗೆ ಹಲವು ಗೇಮ್: ಒಂದು ಮಾತ್ರ ಯಾಕೆ ನಿಂತುಬಿಡುತ್ತದೆ?

ಹಳೇಕೀಲಿ:
ಕಮಡೋರ್ 64 ಅನ್ನೋ ಹಳೇ ಕಂಪ್ಯೂಟರ್‌ಗೆ ಹನ್ನೆರಡು ಗೇಮ್ ಇವೆ, ಒಂದೊಂದೂ ಬೇರೆ ಡಿ64 ಫೈಲ್‌ನಲ್ಲಿ (1541 ಡ್ರೈವ್‌ನ ಫ್ಲಾಪಿಯ ಪೂರ್ತಿ ನಕಲು, ಅಂದರೆ ಡಿಸ್ಕ್ ಇಮೇಜ್). ಇಮೇಜ್ ಬದಲಿಸಿ ಬದಲಿಸಿ ಸಾಕಾಯ್ತು, ಎಲ್ಲವನ್ನೂ ಒಂದಕ್ಕೇ ಹಾಕೋಣ ಅಂತ ಕೂತೆ. ವೈಸ್ ಎಮ್ಯುಲೇಟರ್ ಜೊತೆ ಬರುವ ಸಿ1541 ಟೂಲ್‌ನಿಂದ ಪಿಆರ್‌ಜಿ (ಪ್ರೋಗ್ರಾಂ ಫೈಲ್) ಹೊರತೆಗೆದು ಹೊಸ ಇಮೇಜ್‌ಗೆ ಬರೆದೆ. ನಾಲ್ಕನೆಯದಕ್ಕೇ ಡಿಸ್ಕ್ ತುಂಬಿತು! ಇರುವ ಮೂರರಲ್ಲಿ ಎರಡು ಚೆನ್ನಾಗಿ ಓಡುತ್ತವೆ. ಇನ್ನೊಂದು ಟೈಟಲ್ ತೋರಿಸಿ ಅಲ್ಲೇ ನಿಲ್ಲುತ್ತದೆ. ಹಳೇ ಇಮೇಜ್‌ನಲ್ಲಿ ಅದಕ್ಕೆ ಏನೂ ತೊಂದರೆ ಇಲ್ಲ. ಎಲ್ಲಿ ತಪ್ಪಿದೆ?

ಟ್ರ್ಯಾಕ್18:
ಮೊದಲು ಜಾಗದ ವಿಷಯ. ಡಿ64ನಲ್ಲಿ ನಿಮಗೆ ಸಿಗುವುದು 664 ಬ್ಲಾಕ್, ಬ್ಲಾಕ್‌ಗೆ 254 ಬೈಟ್. ಕುಗ್ಗಿಸದ ಒಂಟಿ ಫೈಲ್ ಗೇಮ್ ಎಷ್ಟೋ ಸಲ 202 ಬ್ಲಾಕ್ ಇರುತ್ತದೆ, ಮೂರು ಹಾಕಿದರೆ 606, ನಾಲ್ಕನೆಯದಕ್ಕೆ ಜಾಗ ಎಲ್ಲಿ? ಎಕ್ಸೊಮೈಸರ್ ಅನ್ನೋ ಫೈಲ್ ಕುಗ್ಗಿಸುವ ಟೂಲ್‌ನಲ್ಲಿ ಕುಗ್ಗಿಸಿ ನೋಡಿ. ಶುರುವಿಗೆ ಬಿಚ್ಚಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ನಿಂತುಹೋಗುವುದು ಬೇರೆ ರೋಗ. ಆ ಗೇಮ್ ಟೈಟಲ್ ಆದಮೇಲೆ ಮತ್ತೆ ಡಿಸ್ಕ್‌ಗೆ ಹೋಗುತ್ತಿದೆ. ಹಳೇ ಇಮೇಜ್‌ನ ಡೈರೆಕ್ಟರಿ (ಫೈಲ್ ಪಟ್ಟಿ) ತೆಗೆದು ನೋಡಿ, ಇನ್ನೂ ನಾಲ್ಕಾರು ಫೈಲ್ ಇದ್ದರೆ ಅವನ್ನೂ ಅದೇ ಹೆಸರಲ್ಲಿ ತರಬೇಕು. ಹೆಸರು ಚೆಂದ ಮಾಡಲು ಹೋಗಬೇಡಿ, ಗೇಮ್‌ನ ಕೋಡ್ ಆ ಹೆಸರನ್ನೇ ಕೇಳುತ್ತದೆ. ಎರಡು ಗೇಮ್‌ಗೆ ಒಂದೇ ಹೆಸರಿನ ಫೈಲ್ ಬೇಕಾದರೆ ಅವೆರಡೂ ಒಂದೇ ಡಿಸ್ಕ್‌ನಲ್ಲಿ ಬಾಳುವುದಿಲ್ಲ.

ಹಳೇಕೀಲಿ:
ನೋಡಿದೆ. ಡೈರೆಕ್ಟರಿಯಲ್ಲಿ ಇರುವುದು ಒಂದೇ ಫೈಲ್, 38 ಬ್ಲಾಕ್. ಆದರೂ ಖಾಲಿ ಜಾಗ ಸೊನ್ನೆ ಅಂತಿದೆ. ಖಾಲಿ ಜಾಗದ ಲೆಕ್ಕ ಹೊಸದಾಗಿ ಹಾಕುವ ವ್ಯಾಲಿಡೇಟ್ ಆದೇಶ ಕೊಟ್ಟು ಸರಿಮಾಡಲಾ?

ಟ್ರ್ಯಾಕ್18:
ಅಯ್ಯೋ, ಬೇಡ! ಉಳಿದ ಡೇಟಾ ಫೈಲ್ ರೂಪದಲ್ಲೇ ಇಲ್ಲ. ಗೇಮ್ ತನ್ನದೇ ಲೋಡರ್‌ನಿಂದ ಟ್ರ್ಯಾಕ್ (ಡಿಸ್ಕ್‌ನ ಸುತ್ತು), ಸೆಕ್ಟರ್ (ಆ ಸುತ್ತಿನ ತುಂಡು) ನಂಬರ್ ಹಿಡಿದು ನೇರವಾಗಿ ಓದುತ್ತದೆ. ವ್ಯಾಲಿಡೇಟ್ ಕೊಟ್ಟರೆ ಆ ಸೆಕ್ಟರ್‌ಗಳೆಲ್ಲ ಖಾಲಿ ಅಂತ ಗುರುತಾಗುತ್ತವೆ, ಮುಂದೆ ಏನು ಬರೆದರೂ ಅದರ ಮೇಲೇ ಕೂರುತ್ತದೆ. ಇದನ್ನು ಸುಮ್ನೆ ಅದರ ಇಮೇಜ್‌ನಲ್ಲೇ ಬಿಡಿ, ಅಥವಾ ಒಂಟಿ ಫೈಲ್ ಆವೃತ್ತಿ ಇದೆಯಾ ಹುಡುಕಿ.

ನೀಲಿಪರದೆ:
ಡಿ81, ಅಂದರೆ 1581 ಡ್ರೈವ್‌ನ ದೊಡ್ಡ ಡಿಸ್ಕ್ ಇಮೇಜ್, ಯಾಕೆ ಬೇಡ? 3160 ಬ್ಲಾಕ್ ಖಾಲಿ ಸಿಗುತ್ತದೆ, ಉಳಿದ ಹನ್ನೊಂದೂ ಆರಾಮಾಗಿ ಕೂರುತ್ತವೆ. ಒಂದೇ ಕಂಡೀಷನ್: 1541 ಡ್ರೈವ್‌ಗೇ ಬರೆದ ಫಾಸ್ಟ್‌ಲೋಡರ್ (ಬೇಗ ಲೋಡ್ ಮಾಡುವ ಕೋಡ್) ಇರುವ ಗೇಮ್ 1581ರಲ್ಲಿ ಓಡುವುದಿಲ್ಲ. ಪೂರ್ತಿ ಒಂದೇ ಸಲ ಲೋಡ್ ಆಗುವ ಗೇಮ್‌ಗೆ ಈ ತಲೆನೋವಿಲ್ಲ.

ಮೆನು ಮಾಡುವುದಾದರೆ ಅದನ್ನೇ ಮೊದಲ ಫೈಲ್ ಮಾಡಿ, ಲೋಡ್ "*",8 ಕೊಟ್ಟರೆ ಅದೇ ಬರುತ್ತದೆ. ಬೇಸಿಕ್ ಭಾಷೆಯಲ್ಲಿ ಬರೆದ ಮೆನುವಿನ ಒಳಗಿಂದ ನೇರ ಲೋಡ್ ಕೊಡಬೇಡಿ. ವೇರಿಯಬಲ್ ಜಾಗ ಮೆನುವಿನ ಅಳತೆಯಲ್ಲೇ ಉಳಿದು ದೊಡ್ಡ ಗೇಮ್ ಕೆಡುತ್ತದೆ. ನಾನು ಇದರಲ್ಲಿ ಒಂದು ಸಂಜೆ ಕಳೆದಿದ್ದೇನೆ, ಫೈಲೇ ಹಾಳಾಗಿದೆ ಅಂದುಕೊಂಡು. ಪರದೆ ಅಳಿಸಿ ಮೇಲಿನ ಸಾಲಲ್ಲಿ ಲೋಡ್ ಆದೇಶ, ಅದಕ್ಕೆ ಐದು ಸಾಲು ಕೆಳಗೆ ರನ್ ಪ್ರಿಂಟ್ ಮಾಡಿ. ಆಮೇಲೆ ಕೀಲಿಮಣೆಯ ಬಫರ್‌ಗೆ ಕೀಲಿಗಳನ್ನು ತುಂಬಲು (ಪೋಕ್ ಅಂದರೆ ಮೆಮೊರಿಗೆ ನೇರ ಬರೆಯುವ ಆದೇಶ) ಪೋಕ್ 631,19, ಪೋಕ್ 632,13, ಪೋಕ್ 633,13, ಪೋಕ್ 198,3 ಕೊಟ್ಟು ಎಂಡ್. ನೀವೇ ಹೋಮ್ ಒತ್ತಿ ಎರಡು ಸಲ ರಿಟರ್ನ್ ಒತ್ತಿದ ಹಾಗೆ.

ಹಳೇಕೀಲಿ:
ಡಿ81 ಮಾಡಿದೆ, ಹನ್ನೊಂದು ಕೂತವು, ಮೆನುವೂ ಬಂತು. ರನ್ ಅನ್ನು ನಾಲ್ಕು ಸಾಲು ಕೆಳಗೆ ಹಾಕಿ ಅರ್ಧ ಗಂಟೆ ಒದ್ದಾಡಿದೆ, ಐದೇ ಸರಿ.