ಸ್ವಂತ ಪುಸ್ತಕ, ಮೌಲ್ಯಮಾಪನ, ವೈವಾ ಖರ್ಚು: ನಿವೃತ್ತ ಉಪಕುಲಸಚಿವರಿಗೆ ನಿಮ್ಮ ಪ್ರಶ್ನೆಗಳು

ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಉಪಕುಲಸಚಿವರಾಗಿ ನಿವೃತ್ತರಾದ ಮೇಡಂ ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ಹೆಸರು, ಕಾಲೇಜು ಹಾಕದೆ ಕೇಳಬಹುದು.

ಪ್ರಶ್ನೆ (ಪದವಿ ಕಾಲೇಜಿನ ಸಹ ಪ್ರಾಧ್ಯಾಪಕ): ಮೇಡಂ, ನಾನು ಈ ಸಲ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಸದಸ್ಯ. ನಾನು ಬರೆದ ಪಠ್ಯಪುಸ್ತಕಕ್ಕೆ ಪ್ರಕಾಶಕರಿಂದ ರಾಯಧನ ಬರುತ್ತೆ. ಅದನ್ನೇ ಮೂರನೇ ಸೆಮಿಸ್ಟರ್‌ಗೆ ಇಡೋಣ ಅಂತ ಅಧ್ಯಕ್ಷರು ಹೇಳ್ತಿದ್ದಾರೆ. ನನ್ನ ಪುಸ್ತಕದ ಚರ್ಚೆ ಬಂದಾಗ ನಾನು ಎದ್ದು ಹೊರಗೆ ಹೋದರೆ ಸಾಕಲ್ವಾ?

ಉತ್ತರ: ಸಾಲದು ಸರ್. ಹೆಚ್ಚುಕಡಿಮೆ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಒಡಿಶಾದಲ್ಲಿ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯಲ್ಲಿ ಲೇಖಕರೂ ಸದಸ್ಯರಾಗಿದ್ದರು, ಅವರ ಪುಸ್ತಕಗಳೂ ಆಯ್ಕೆಗೆ ಬಂದಿದ್ದವು. 1984ರಲ್ಲಿ ಜೆ. ಮೊಹಾಪಾತ್ರ ಅಂಡ್ ಕಂಪನಿ ಪ್ರಕರಣದಲ್ಲಿ ಕೋರ್ಟು ಇದು ಸಲ್ಲದು ಅಂದಿತು. ತನ್ನ ಪುಸ್ತಕ ಬಂದಾಗ ಒಬ್ಬರು ಸುಮ್ಮನಿದ್ದರೂ, ‘ನಿನ್ನದಕ್ಕೆ ನಾನು ಒಪ್ತೀನಿ, ನನ್ನದಕ್ಕೆ ನೀನು ಒಪ್ಪು’ ಅನ್ನುವ ಒಳಒಪ್ಪಂದಕ್ಕೆ ದಾರಿ ಇದ್ದೇ ಇರುತ್ತದಲ್ಲ.

ಇದಕ್ಕೂ ಹಳೆಯದು 1969ರ ಕ್ರೈಪಾಕ್ ಪ್ರಕರಣ. ಜಮ್ಮು-ಕಾಶ್ಮೀರದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ ಕುಳಿತ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ತಾವೇ ಒಬ್ಬ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಅವರು ಕೂತಿರಲಿಲ್ಲ, ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. ಪಕ್ಷಪಾತ ನಡೆದೇ ಹೋಗಿದೆ ಅಂತ ಯಾರೂ ಸಾಬೀತು ಮಾಡಬೇಕಿಲ್ಲ, ನಡೆಯುವ ಸಂಭವ ಮೇಲ್ನೋಟಕ್ಕೇ ಕಾಣುವಂತಿದ್ದರೆ ಸಾಕು. ನಿಮ್ಮ ವಿಷಯದಲ್ಲಿ ಬೇರೆಯವರ ಪುಸ್ತಕಗಳ ಗುಣದೋಷ ಹೇಳಲು ಕೂರುವುದೂ ಅಷ್ಟೇ ತಪ್ಪಾಗುತ್ತದೆ.

ಸಭೆಗೆ ಮೊದಲೇ ಅಧ್ಯಕ್ಷರಿಗೆ ಒಂದು ಪತ್ರ ಕೊಡಿ: ‘ಈ ಪತ್ರಿಕೆಗೆ ನಾನು ಬರೆದ ಪುಸ್ತಕವಿದೆ, ಅದರಿಂದ ರಾಯಧನ ಪಡೆಯುತ್ತೇನೆ. ಆದ್ದರಿಂದ ಈ ಪತ್ರಿಕೆಯ ಪಠ್ಯ ಹಾಗೂ ಪರಾಮರ್ಶನ ಪಟ್ಟಿಯ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ.’ ಅದು ನಡಾವಳಿಯಲ್ಲಿ ಸೇರಿದೆಯೇ ಅಂತ ಸಹಿ ಹಾಕುವ ಮುನ್ನ ಓದಿ ನೋಡಿ. ಬಾಯಲ್ಲಿ ಹೇಳಿದ್ದು ಮೂರು ವರ್ಷ ಬಿಟ್ಟು ಯಾರಿಗೂ ನೆನಪಿರುವುದಿಲ್ಲ.

ಮರುಪ್ರಶ್ನೆ: ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪತ್ರಿಕೆಗೆ ಬೇರೆ ಪುಸ್ತಕವೇ ಇಲ್ಲ ಮೇಡಂ. ಅವರು ಏನು ಓದಬೇಕು?

ಉತ್ತರ: ಈ ಕಷ್ಟ ನಿಜವಾದದ್ದು, ನಾನು ಒಪ್ತೀನಿ. ಹಾಗಂತ ಪುಸ್ತಕವನ್ನೇ ಬಚ್ಚಿಡಬೇಕಾಗಿಲ್ಲ. ಪಠ್ಯಕ್ರಮವನ್ನು ಅಧ್ಯಾಯ, ವಿಷಯಗಳ ಹೆಸರಲ್ಲೇ ಬರೆಯಲಿ, ನಿಮ್ಮ ಪುಸ್ತಕದ ಪರಿವಿಡಿಯನ್ನು ನಕಲು ಮಾಡುವುದು ಬೇಡ. ಹೊರಗಿನ ವಿಷಯತಜ್ಞರೊಬ್ಬರು ಓದಿ, ಲಿಖಿತವಾಗಿ ಶಿಫಾರಸು ಮಾಡಿದರೆ ಪರಾಮರ್ಶನ ಪಟ್ಟಿಯಲ್ಲಿ ಹೆಸರು ಬರಲಿ. ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ನಾಲ್ಕು ಪ್ರತಿ ಉಚಿತವಾಗಿ ಕೊಡಿ. ಕ್ಲಾಸಲ್ಲಿ ಮಾತ್ರ ‘ಎಲ್ಲರೂ ತಗೊಳ್ಳಿ’ ಅನ್ನಬೇಡಿ. ಆಂತರಿಕ ಅಂಕ ನಿಮ್ಮ ಕೈಯಲ್ಲಿದೆ. ಆ ಮಾತು ಮಕ್ಕಳ ಕಿವಿಗೆ ಆಜ್ಞೆಯಾಗಿಯೇ ಬೀಳುತ್ತದೆ, ಎಷ್ಟೋ ಮನೆಗಳಲ್ಲಿ ಆ ದುಡ್ಡು ಹೊಂದಿಸುವುದೇ ಕಷ್ಟ.

ಪ್ರಶ್ನೆ (ಉಪನ್ಯಾಸಕಿ): ಅಣ್ಣನ ಮಗಳು ಇದೇ ಸೆಮಿಸ್ಟರ್ ಪರೀಕ್ಷೆ ಬರೆದಿದ್ದಾಳೆ. ಉತ್ತರ ಪತ್ರಿಕೆಗೆ ಬಾರ್‌ಕೋಡ್ ಇರುತ್ತೆ, ಯಾರದ್ದು ಅಂತ ಗೊತ್ತಾಗಲ್ಲ. ಮೌಲ್ಯಮಾಪನಕ್ಕೆ ಹೋಗಬಹುದಾ?

ಉತ್ತರ: ಆ ಪತ್ರಿಕೆಗೆ ಬೇಡಮ್ಮ. ನೀವು ಎತ್ತಿ ಆಡಿಸಿದ ಮಗುವಿನ ಅಕ್ಷರ ನಿಮಗೆ ಗುರುತು ಸಿಗುತ್ತೆ, ಬಾರ್‌ಕೋಡ್ ಏನು ಮಾಡುತ್ತೆ? ಹತ್ತಿರದ ಸಂಬಂಧಿಗಳು ಪರೀಕ್ಷೆ ಬರೆಯುತ್ತಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ ಹಾಕಲೇಬೇಡಿ. ಕುಲಸಚಿವರು (ಮೌಲ್ಯಮಾಪನ) ಅವರಿಗೆ ಎರಡು ಸಾಲು ಬರೆದುಕೊಡಿ, ಬೇರೆ ಪತ್ರಿಕೆ ಕೊಡ್ತಾರೆ.

ಪ್ರಶ್ನೆ (ಕಚೇರಿ ಸಿಬ್ಬಂದಿ): ನಮ್ಮ ಭಾವನ ಪ್ರಿಂಟಿಂಗ್ ಪ್ರೆಸ್‌ನಿಂದಲೂ ಕೊಟೇಶನ್ ಬಂದಿದೆ, ಕಡತ ನನ್ನ ಟೇಬಲ್ಲಿಗೇ ಬರೋದು.

ಉತ್ತರ: ದರಗಳ ತುಲನಾ ಪಟ್ಟಿ ಮಾಡುವ ಮೊದಲೇ ಟಿಪ್ಪಣಿ ಹಾಳೆಯಲ್ಲಿ ಸಂಬಂಧ ನಮೂದಿಸಿ, ಕಡತವನ್ನು ಬೇರೆ ವಿಷಯ ನಿರ್ವಾಹಕರಿಗೆ ವಹಿಸಲು ಕೋರಿ ಅಧೀಕ್ಷಕರಿಗೆ ಮಂಡಿಸಿ. ಬಿಲ್ ಪಾಸಾಗುವವರೆಗೂ ಮುಟ್ಟಬೇಡಿ. ಉಳಿದವರ ದರ ಭಾವನ ಮನೆಯಲ್ಲಿ ಮಾತಿಗೆ ಬರದಂತೆಯೂ ನೋಡಿಕೊಳ್ಳಿ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಮೇಡಂ, ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಪರೀಕ್ಷಕರ ವರದಿಗಳು ಬಂದಿವೆ, ವೈವಾ (ಮೌಖಿಕ ಪರೀಕ್ಷೆ) ಮಾತ್ರ ಬಾಕಿ. ಬಾಹ್ಯ ಪರೀಕ್ಷಕರಿಗೆ ಕಾರು, ಹೋಟೆಲ್ ರೂಮು, ಒಂದು ಕವರು, ವಿಭಾಗಕ್ಕೆಲ್ಲ ಊಟ ಅಂತ ಗೈಡ್ ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದ್ದಾರೆ. ಎಲ್ಲರೂ ಮಾಡ್ತಾರೆ ಅಂತ ಸೀನಿಯರ್‌ಗಳೂ ಹೇಳ್ತಾರೆ.

ಉತ್ತರ: ಇದನ್ನು ಓದಿ ನಿಜಕ್ಕೂ ಸಂಕಟವಾಯಿತು. ಪರೀಕ್ಷಕರ ಪ್ರಯಾಣ ಭತ್ಯೆ, ಸಂಭಾವನೆ ವಿಶ್ವವಿದ್ಯಾಲಯದ ಜವಾಬ್ದಾರಿ, ನಿಮ್ಮದಲ್ಲ. ಪದವಿ ಬಂದ ಮೇಲೆ ನೀವು ಖುಷಿಯಿಂದ ಪೇಡಾ ಹಂಚಿದರೆ ಅದರ ಮಾತೇ ಬೇರೆ. ಫಲಿತಾಂಶ ಅವರ ಕೈಯಲ್ಲಿರುವಾಗ ಕೇಳಿ ಪಡೆಯುವುದು ಬೇರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ವ್ಯಾಖ್ಯೆಯಲ್ಲಿ ಕುಲಪತಿಯಿಂದ ಹಿಡಿದು ಉಪನ್ಯಾಸಕರು, ನೌಕರರು, ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯ ಕರೆಸಿದ ಹೊರಗಿನವರವರೆಗೆ ಎಲ್ಲರೂ ಸಾರ್ವಜನಿಕ ನೌಕರರೇ. 2018ರ ತಿದ್ದುಪಡಿಯ ನಂತರ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ. ಸೀನಿಯರ್‌ಗಳಿಗೂ ಇದನ್ನು ಹೇಳಿ.

ಮರುಪ್ರಶ್ನೆ: ದೂರು ಕೊಟ್ಟರೆ ವೈವಾದಲ್ಲಿ ಸೇಡು ತೀರಿಸಿಕೊಂಡರೆ?

ಉತ್ತರ: ಭಯ ಸಹಜ. ಆದರೆ ವರದಿಗಳು ಒಳ್ಳೆಯದೇ ಬಂದ ಮೇಲಷ್ಟೇ ವೈವಾ ನಿಗದಿಯಾಗುವುದು, ಅವು ದಾಖಲೆಯಲ್ಲಿವೆ. ಅಲ್ಲದೆ ಪಿಎಚ್‌ಡಿ ವೈವಾ ಮುಚ್ಚಿದ ಕೋಣೆಯ ವ್ಯವಹಾರವಲ್ಲ, ವಿಭಾಗದ ಅಧ್ಯಾಪಕರು, ಸಂಶೋಧನಾರ್ಥಿಗಳು ಬಂದು ಕೂರಬಹುದು. ಗೆಳತಿಯರನ್ನು ಕರೆಯಿರಿ, ಹಾಲ್ ತುಂಬಿರಲಿ. ಗೈಡ್‌ಗೆ ಫೋನಿನಲ್ಲಿ ವಾದ ಮಾಡದೆ ‘ಸರ್, ಪರೀಕ್ಷಕರ ವ್ಯವಸ್ಥೆಗಾಗಿ ಕುಲಸಚಿವರ ಕಚೇರಿಗೆ ಪತ್ರ ಕೊಡುತ್ತಿದ್ದೇನೆ’ ಅಂತ ಮೆಸೇಜ್ ಹಾಕಿ. ಎಷ್ಟೋ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮಾವಳಿ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇದ್ದಾರೆ, ಹಣದ ಬೇಡಿಕೆಗೆ ಲೋಕಾಯುಕ್ತವೂ ಇದೆ. ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆಯೂ ಇಟ್ಟುಕೊಳ್ಳಿ, ಮೂಲ ಮೆಸೇಜ್ ಅಳಿಸಬೇಡಿ. ಪತ್ರದ ಕರಡು ಬರೆದು ನನಗೆ ಖಾಸಗಿಯಾಗಿ ಕಳಿಸಿ ಮಗಳೇ, ತಿದ್ದಿ ಕೊಡ್ತೀನಿ.