‘ಬಯೋಮಾರ್ಕರ್’ಗೆ ‘ಕುರುಹು’ ಸಲ್ಲುತ್ತದೆಯೆ?

ವಿಜಯಪುರದಲ್ಲಿ ಫ್ಯಾಟಿ ಲಿವರ್ ಅಧ್ಯಯನವೊಂದಕ್ಕೆ ರಕ್ತ ಕೊಡುವವರಿಗಾಗಿ ಕನ್ನಡದಲ್ಲಿ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ‘ಬಯೋಮಾರ್ಕರ್’ (ದೇಹದಲ್ಲಿ ಅಳೆದು ರೋಗದ ಸುಳಿವು ಪಡೆಯಬಹುದಾದ ಅಂಶ) ಎಂಬಲ್ಲಿ ಬರವಣಿಗೆ ನಿಂತಿದೆ. ‘ಜೈವಿಕ ಸೂಚಕ’ ಎನ್ನೋಣವೆಂದರೆ, ಗಾಳಿಯ ಮಾಲಿನ್ಯವನ್ನು ತೋರಿಸಿಕೊಡುವ ಕಲ್ಲುಹೂವಿನಂತಹ ಜೀವಿಗಳಿಗೂ ಅದೇ ಹೆಸರು ಸಲ್ಲುತ್ತದೆ. ‘ಲಕ್ಷಣ’ವಂತೂ ಆಗದು: ಈ ಕಾಯಿಲೆ ಬಹುತೇಕರಲ್ಲಿ ಯಾವ ಲಕ್ಷಣವನ್ನೂ ತೋರದೆ ಬೆಳೆಯುತ್ತದೆ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವದ ಪ್ರಮಾಣವೂ ಹಲವರಲ್ಲಿ ಸಹಜ ಮಿತಿಯೊಳಗೇ ಇರುತ್ತದೆ, ಎಲ್ಲರಿಗೂ ಬಯಾಪ್ಸಿ (ಯಕೃತ್ತಿನ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಲಾಗದು, ರಕ್ತದಲ್ಲಿ ಬೇರೆ ಸುಳಿವು ಹುಡುಕುತ್ತಿರುವುದೇ ಅದಕ್ಕಾಗಿ.

ನನ್ನ ಒಲವು ‘ಕುರುಹು’ ಕಡೆಗಿದೆ. ಕೂಡಲಸಂಗಮದ ಸೀಮೆಯವರಿಗೆ ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಎನ್ನುವ ಮಾತು ಹೊಸದಲ್ಲ. ಅಲ್ಲಿ ಕುರುಹು ತಾನೇ ಅರಿವಲ್ಲ, ಅರಿವಿನತ್ತ ಕೈತೋರುವ ವಸ್ತು. ಬಯೋಮಾರ್ಕರ್‌ಗೂ ಬೇಕಾದದ್ದು ಇದೇ ಅರ್ಥ. ಈ ರೋಗಿಗಳ ರಕ್ತದಲ್ಲಿ ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಏರಿರುವುದನ್ನೂ ಗ್ಲೈಸಿನ್ ಎಂಬ ಇನ್ನೊಂದು ಇಳಿದಿರುವುದನ್ನೂ ಹಲವು ಅಧ್ಯಯನಗಳು ಕಂಡಿವೆ. ಹಾಗೆಂದು ಅವೇ ರೋಗಕ್ಕೆ ಕಾರಣವೆನ್ನುವಂತಿಲ್ಲ. ಆದರೆ ಎರಡು ತೊಡಕುಗಳಿವೆ. ಗ್ಲೈಸಿನ್‌ನಂತೆ ಕಡಿಮೆಯಾಗುವುದನ್ನೂ ಕುರುಹು ಎನ್ನಬಹುದೆ? ಇನ್ನು ‘ರಕ್ತದ ಕುರುಹು’ ಎಂದು ಬರೆದರೆ ಓದುವವರ ಮನಸ್ಸು ನೇರವಾಗಿ ಪೊಲೀಸ್ ಪಂಚನಾಮೆಗೆ ಹೋಗುತ್ತದೆ. ಹೀಗಾಗಿ ‘ರಕ್ತದಲ್ಲಿನ ರೋಗಕುರುಹು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ರೋಗದ ಹೆಸರು ಇನ್ನೂ ಕಷ್ಟದ್ದು. ಮೊದಲ ಕರಡಿನ ‘ಕೊಬ್ಬಿದ ಯಕೃತ್ತು’ ಎಂಬುದನ್ನು ಹಿರಿಯರೊಬ್ಬರಿಗೆ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು, “ಹಂಗಂದ್ರ ನನಗ ಕೊಬ್ಬು ಬಂದೈತಿ ಅಂತೀರೇನ್ರಿ?” ಎಂದು ಕೇಳಿದರು. ನಮ್ಮ ಕಡೆ ಕೊಬ್ಬು ಎಂದರೆ ಸೊಕ್ಕೂ ಹೌದೆಂಬುದನ್ನು ನಾನೇ ಮರೆತಿದ್ದೆ. ಇಂಗ್ಲಿಷಿನಲ್ಲೂ ‘ಫ್ಯಾಟಿ’ ಎಂಬುದು ರೋಗಿಗೆ ನೋವುಂಟುಮಾಡುತ್ತದೆಂಬ ಆಕ್ಷೇಪವಿತ್ತು. 2023ರಲ್ಲಿ ತಜ್ಞರು ಹೆಸರನ್ನೇ ಬದಲಿಸಿ ‘ಸ್ಟಿಯಾಟೋಟಿಕ್’ ಎಂದರು. ಗ್ರೀಕ್ ಮೂಲದಲ್ಲಿ ಅದೂ ಕೊಬ್ಬೇ, ಆದರೆ ಯಾರಿಗೂ ತಿಳಿಯುವುದಿಲ್ಲವಷ್ಟೆ! ‘ಕೊಬ್ಬಿನಂಶ ಸೇರಿದ ಯಕೃತ್ತು’ ಎಂದು ನಾನು ತಿದ್ದಿದ್ದೇನೆ. ಮಟನ್ ಅಂಗಡಿಯ ‘ಕಲೇಜಿ’ ಎಲ್ಲರಿಗೂ ಗೊತ್ತಿರುವ ಪದವಾದರೂ ಮನುಷ್ಯರ ಅಂಗಕ್ಕೆ ಹೇಳಲು ನಾಲಿಗೆ ಹಿಂಜರಿಯುತ್ತದೆ.

‘ಮೆಟಬಾಲಿಕ್ ಪ್ರೊಫೈಲಿಂಗ್’ಗೆ ಒಂದೇ ಪದ ಹುಡುಕುವುದನ್ನು ಬಿಟ್ಟಿದ್ದೇನೆ. ‘ಲಿಪಿಡ್ ಪ್ರೊಫೈಲ್’ ಲ್ಯಾಬಿನಲ್ಲಿ ದಿನವೂ ಕೇಳುವ ಮಾತು. ಆದ್ದರಿಂದ ‘ಪ್ರೊಫೈಲ್’ ಪದವನ್ನು ಹಾಗೇ ಉಳಿಸಿ, ಅದರ ಜೊತೆಗೆ ‘ಚಯಾಪಚಯದಲ್ಲಿ ಹುಟ್ಟುವ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುವ ಪರೀಕ್ಷೆ’ ಎಂದು ಬಿಡಿಸಿ ಬರೆದರೆ ಸಾಕು.

ಉಳಿದಿರುವುದು ‘ರೋಗಕುರುಹು’ ಒಂದೇ. ಇದನ್ನು ಕೇಳಿದವರು ‘ನನಗೆ ರೋಗ ಖಚಿತವಾಯಿತು’ ಎಂದು ತಿಳಿಯುವ ಅಪಾಯವಿದೆಯೆ, ಅಥವಾ ಇದಕ್ಕಿಂತ ಹಗುರವಾದ ‘ಸುಳಿವು’ ಮೇಲೆ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.