ಮಾಂಟೆನೆಗ್ರೋದಲ್ಲಿ ಎಂಟು ದಿನ: ಬೆಟ್ಟಕ್ಕೆ ಎಷ್ಟು, ಸಮುದ್ರಕ್ಕೆ ಎಷ್ಟು?

ಕೇಳಿದ್ದು: ಸೆಪ್ಟೆಂಬರ್‌ನಲ್ಲಿ ನಾವು ನಾಲ್ವರು ಹೊರಟಿದ್ದೇವೆ. ಒಂಬತ್ತು ವರ್ಷದ ಮಗಳು, ಮಂಡಿ ನೋವಿರುವ ಅಮ್ಮ ಜೊತೆಗಿದ್ದಾರೆ. ಪಕ್ಕದ ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಇಳಿದು ಅಲ್ಲಿಂದ ಬಾಡಿಗೆ ಕಾರು. ಕರಾವಳಿಯ ಕೋಟರ್‌ನಲ್ಲೇ ರೂಮು ಮಾಡಿ ದಿನಾ ಒಂದೊಂದು ಕಡೆ ಹೋಗಿ ಬಂದರೆ ಸಾಕಾ? ಸಸ್ಯಾಹಾರ ಸಿಗುತ್ತಾ?

ಒಬ್ಬರು: ದಯವಿಟ್ಟು ಹಾಗೆ ಮಾಡಬೇಡಿ. ನಾವು ಹಾಗೇ ಮಾಡಿ ಪೇಚಾಡಿದೆವು. ನಕಾಶೆಯಲ್ಲಿ ದೇಶ ಅಂಗೈಯಷ್ಟು ಕಾಣುತ್ತದೆ, ಆದರೆ ರಸ್ತೆಯೆಲ್ಲ ತಿರುವು. ಕೋಟರ್‌ನಿಂದ ಬೆಟ್ಟದ ಊರು ಜಾಬ್ಲ್ಯಾಕ್‌ಗೆ ಮೂರು ಗಂಟೆಯಾದರೂ ಬೇಕು. ಅಲ್ಲಿನ ಡುರ್ಮಿಟೋರ್ ಬೆಟ್ಟಸಾಲಿನ ಕಪ್ಪು ಕೆರೆ ತಲುಪಿದಾಗ ಮಧ್ಯಾಹ್ನ. ಮೋಡ ಕವಿದಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಮೋಡ ಸರಿದು, ಎದುರಿನ ಮೆಜೆದ್ ಬಂಡೆಯ ಬಿಂಬ ಪೂರ್ತಿ ನೀರಿಗಿಳಿಯಿತು. ಮಗ ಶೂ ಬಿಚ್ಚಿ ಕಾಲು ಇಳಿಬಿಟ್ಟು ಕೂತಿದ್ದ. ನಾನು ಗಡಿಯಾರ ನೋಡಿಕೊಂಡು ಅವನನ್ನು ಎಬ್ಬಿಸಿದೆ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಹೇಳುವುದು, ಜಾಬ್ಲ್ಯಾಕ್‌ನಲ್ಲಿ ಮೂರು ರಾತ್ರಿ ಇರಿ. ಊರು ಸುಮಾರು 1,450 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಬೇಕೇ ಬೇಕು. ಕೆರೆ ಸುತ್ತಲಿನ ದಾರಿ ಮೂರೂವರೆ ಕಿಲೋಮೀಟರ್. ಅಮ್ಮ ದಡದಲ್ಲೇ ಕೂತರೂ ಸಾಕು. ಒಂದು ಬೆಳಿಗ್ಗೆ ತಾರಾ ನದಿಯ ಸೇತುವೆಗೆ ಹೋಗಿ. 1940ರಲ್ಲಿ ಮುಗಿದದ್ದು, ಐದು ಕಮಾನು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಎಂಜಿನಿಯರ್ ಲಾಜರ್ ಯೌಕೋವಿಚ್, ಇಟಲಿಯ ಸೈನ್ಯ ದಾಟಬಾರದೆಂದು 1942ರಲ್ಲಿ ತಾವೇ ಒಂದು ಕಮಾನು ಒಡೆಯಲು ನೆರವಾದರು. ಸಿಕ್ಕಿಬಿದ್ದಾಗ ಅವರನ್ನು ಕೊಂದುಬಿಟ್ಟರು. ಇದನ್ನು ತಿಳಿದುಕೊಂಡು ಅಲ್ಲಿ ನಿಂತರೆ ಕೆಳಗಿನ ಕಣಿವೆ ಬೇರೆಯೇ ಥರ ಕಾಣುತ್ತದೆ.

ಇನ್ನೊಬ್ಬರು: ಮೊದಲು ವೀಸಾ ನೋಡಿ. ಕ್ರೊಯೇಷಿಯಾ 2023ರಿಂದ ಷೆಂಗನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಮಾಂಟೆನೆಗ್ರೋ ಹೊರಗಿದೆ. ಹಿಂತಿರುಗಿ ಡುಬ್ರೊವ್ನಿಕ್‌ಗೆ ಬಂದರೆ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಗಡಿಯಲ್ಲೇ ನಿಲ್ಲಬೇಕಾಗುತ್ತದೆ. ಕಾರನ್ನು ಗಡಿ ದಾಟಿಸಲು ಬಾಡಿಗೆಯವರಿಂದ ಕಾಗದ ಪತ್ರ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ದುಡ್ಡು ಮಾತ್ರ ಸುಲಭ, ಅಲ್ಲೂ ಯೂರೋನೇ.

ಮತ್ತೊಬ್ಬರು: ಅಮ್ಮನ ಮಂಡಿ ಬಗ್ಗೆ. ಕೋಟರ್ ಕೋಟೆಗೆ ಸುಮಾರು 1,350 ಮೆಟ್ಟಿಲು, ಲೊವ್ಚೆನ್ ಬೆಟ್ಟದ ಮೇಲಿರುವ ಕವಿ-ದೊರೆ ನ್ಯೆಗೋಷ್ ಸಮಾಧಿಗೆ 461. ಎರಡೂ ಅವರಿಗೆ ಬೇಡ. ನೀವು ಮಗಳ ಜೊತೆ ಬೆಳಿಗ್ಗೆ ಬೇಗ, ಬಿಸಿಲೇರುವ ಮೊದಲೇ ಕೋಟೆ ಹತ್ತಿ ಬನ್ನಿ. ಅಮ್ಮನನ್ನು ಹತ್ತಿರದ ದಡದ ಊರು ಪೆರಾಸ್ಟ್‌ಗೆ ಕರೆದುಕೊಂಡು ಹೋಗಿ. ದೋಣಿಯಲ್ಲಿ ಕೆಲವೇ ನಿಮಿಷಕ್ಕೆ ಒಂದು ಪುಟ್ಟ ದ್ವೀಪ, ಮೇಲೊಂದು ಚರ್ಚು. ಆ ದ್ವೀಪವನ್ನು ಜನರೇ ಕಲ್ಲು ಹಾಕಿ ಹಾಕಿ ಕಟ್ಟಿದ್ದು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳ ಸಾಲು ಹೊರಟು ಕಲ್ಲು ಸುರಿದು ಬರುತ್ತದೆ.

ಇನ್ನೊಂದು ದಿನ ಕರಾವಳಿಯ ಬಾರ್ ಎಂಬ ಊರಿನಿಂದ ಬೆಟ್ಟದ ಕೊಲಾಶಿನ್‌ಗೆ ರೈಲು. ಕೂತಲ್ಲೇ ಸಮುದ್ರದಿಂದ ಬೆಟ್ಟಕ್ಕೆ! ಮಾಲಾ ರಿಯೆಕಾ ಸೇತುವೆ ನದಿಯಿಂದ ಸುಮಾರು 200 ಮೀಟರ್ ಮೇಲಿದೆ. ನನ್ನ ಅತ್ತೆ ಕಿಟಕಿ ಬಿಟ್ಟು ಏಳಲೇ ಇಲ್ಲ.

ಊಟಕ್ಕೆ ‘ಬೆಜ್ ಮೇಸಾ’ ಅನ್ನಿ, ಮಾಂಸ ಬೇಡ ಅಂತ ಅರ್ಥ. ‘ಪೋಸ್ನೊ’ ಅಂದರೆ ಉಪವಾಸದ ಅಡುಗೆ, ಹಾಲೂ ಇರುವುದಿಲ್ಲ, ಆದರೆ ಮೀನು ಇರಬಹುದು, ಕೇಳಿಕೊಳ್ಳಿ. ಬೆಟ್ಟದ ಕಡೆ ಕಚಮಾಕ್ ತಿನ್ನಿ. ಆಲೂಗಡ್ಡೆ, ಮೆಕ್ಕೆಜೋಳದ ಹಿಟ್ಟನ್ನು ನಮ್ಮ ಮುದ್ದೆ ಥರ ಕೋಲಿನಲ್ಲಿ ತೊಳಸಿ, ಮೇಲೆ ಕೆನೆ ಮತ್ತು ಚೀಸ್ ಹಾಕಿ ಕೊಡುತ್ತಾರೆ. ಬಿಸಿ ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಗಟ್ಟಿಯಾಗುತ್ತದೆ.